ಮರ ಇಲ್ಲದಿದ್ದರೆ

ಮರ ತಾನಾಗಿಯೇ ಒಣಗಿರಬಹುದಲ್ಲ? ವಯಸ್ಸಾದ ಮರ. ಬೇರಿಗೆ ಉಪ್ಪುನೀರು ತಾಗಿರಬಹುದು, ಆಸಾಡಿ ತಿಂಗಳ ಮಳೆಗಾಳಿಗೆ ಒಳಗೊಳಗೇ ಸೀಳು ಬಿಟ್ಟಿರಬಹುದು, ಗೆದ್ದಲು ಹಿಡಿದಿರಬಹುದು. ಮರಗಳು ಸಾಯುವುದೇ ಇಲ್ಲವೇ? ಹೃಷಿಕೇಶ ತನ್ನ ಮಾವ ಶಾಮರಾಯರ ಮನೆಯ ಟೆರೇಸಿನ ತೆಂಕು ಅಂಚಿನಲ್ಲಿ ನಿಂತು ಒಂದೊಂದೇ ಕಾರಣ ಹುಡುಕಿಕೊಳ್ಳುತ್ತಿದ್ದ. ಹುಡುಕಿದಷ್ಟೇ ಬೇಗ ಅವು ಕೈ ಜಾರುತ್ತಿದ್ದವು. ಹೊನ್ನೆಗೆ ಉಪ್ಪುನೀರು ಯಾವ ಲೆಕ್ಕ? ಅಳಿವೆಯ ಬದಿಯಲ್ಲೇ ಹುಟ್ಟಿ, ಕಡಲಗಾಳಿ ಕುಡಿದೇ ಬೆಳೆಯುವ ಮರ ಅದು. ಗೆದ್ದಲಾದರೆ ಬುಡದಲ್ಲಿ ಮಣ್ಣು ಕಾಣಬೇಕಿತ್ತು. ಕಾಣುತ್ತಿರಲಿಲ್ಲ.

ಕಾಂಪೌಂಡಿನ ಆಚೆ, ನೆರೆಮನೆಯ ದೇವಪ್ಪನ ಹಿತ್ತಲಲ್ಲಿ ಆ ಹೊನ್ನೆ ಇನ್ನೂ ನಿಂತಿತ್ತು. ಹೋದ ಡಿಸೆಂಬರಿನಲ್ಲಿ ಅವನು ಬಂದಾಗ ಅದರ ದಪ್ಪ ಎಲೆಗಳು ಎಣ್ಣೆ ಸವರಿಟ್ಟ ಹಾಗೆ ಮಿನುಗುತ್ತಿದ್ದವು. ಈಗ ನವೆಂಬರು. ಎಲೆಗಳು ಬಹುಪಾಲು ಉದುರಿ, ಉಳಿದವು ಕರಿದು ಕಂದಿದ ಹಪ್ಪಳದ ಬಣ್ಣಕ್ಕೆ ಬಂದಿದ್ದವು. ಗಾಳಿ ಬೀಸಿದರೆ ಕರಕರ ಸದ್ದು.

"ಈಗ ಕಾಣ್ ಮಾಣಿ, ಎಂತಾ ಬಿಸ್ಲ್," ಎಂದರು ಮೆಟ್ಟಿಲಲ್ಲಿ ನಿಂತಿದ್ದ ಶಾಮರಾಯರು. "ಒಂದ್ ಚೂರೂ ನೆರಳಿಲ್ಲೆ."

ಅವರು ಹೃಷಿಕೇಶನ ಸೋದರಮಾವ. ಸಾಲಿಗ್ರಾಮದ ಕಡೆಯ ದೇವಸ್ಥಾನವೊಂದರ ಕಛೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು, ನಿವೃತ್ತರಾದ ಮೇಲೆ ಕುಂದಾಪುರದ ಅಂಚಿನಲ್ಲಿ ಹೊಳೆಗೆ ಹತ್ತಿರ ಈ ಮನೆ ಕಟ್ಟಿಸಿದವರು. ಅವರೆದುರು ಅಮ್ಮ ಕುರ್ಚಿಯಲ್ಲಿ ಕೂತದ್ದನ್ನು ಹೃಷಿಕೇಶ ಒಮ್ಮೆಯೂ ಕಂಡಿಲ್ಲ. ಹೆಂಡತಿ ಪದ್ಮಾಕ್ಷಿಯೊಬ್ಬರೇ ಅವರಿಗೆ ಎದುರುತ್ತರ ಕೊಡುವವರು, ಅದೂ ಊಟ ಬಡಿಸುವಾಗ ಮಾತ್ರ.

ಹೃಷಿಕೇಶ ಮಂಗಳೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ರವಿರಾಜನ ಸೋಲಾರ್ ಅಂಗಡಿಯಲ್ಲಿದ್ದ. ಮನೆಗಳ ಮಾಡು ಹತ್ತಿ, ಛಾವಣಿಯ ಮೇಲೆ ಎಷ್ಟು ಬಿಸಿಲು ಬೀಳುತ್ತದೆಂದು ಅಳೆಯುವುದು ಅವನ ಕೆಲಸ. ಅಂಗಡಿಯ ಗೋಡೆಯ ಮೇಲೆ ಕುಂದಾಪುರ ಪೇಟೆಯ ದೊಡ್ಡ ನಕ್ಷೆ ಇತ್ತು, ಆಕಾಶದಿಂದ ತೆಗೆದದ್ದು. ಅಳೆದ ಒಂದೊಂದು ಮನೆಗೂ ಅವನೇ ಬಣ್ಣ ತುಂಬುತ್ತಿದ್ದ. ಬಿಸಿಲು ಪೂರ್ತಿ ಬೀಳುವ ಮಾಡಿಗೆ ಹಳದಿ, ಅರ್ಧಮರ್ಧಕ್ಕೆ ಕೇಸರಿ, ನೆರಳು ಹೆಚ್ಚಿದ್ದರೆ ಕಂದು. ಮೊದಮೊದಲು ಆ ಕೆಲಸ ಅವನಿಗೆ ಬಹಳ ಹಿಡಿಸಿತ್ತು. ಪೇಟೆಯ ಹಳದಿ ಮಾಡುಗಳಷ್ಟನ್ನೇ ಕೂಡಿಸಿದರೂ ಪೇಟೆಯ ಎಲ್ಲ ಮನೆಗಳ ದೀಪ, ಫ್ಯಾನು, ಮಿಕ್ಸಿ ನಡೆದು ಮಿಗುತ್ತದೆ ಎಂದು ಒಂದು ಸಂಜೆ ತಾನೇ ಲೆಕ್ಕ ಹಾಕಿ, ಯಾರಿಗೂ ಹೇಳದೆ ಖುಷಿಪಟ್ಟಿದ್ದ. ಇಷ್ಟು ಬಿಸಿಲು ದಿನಾ ಸುಮ್ಮನೆ ಬಿದ್ದು ಹೋಗುತ್ತಿದೆಯಲ್ಲ, ಯಾರನ್ನೂ ನೋಯಿಸದೆ ಅದನ್ನು ಹಿಡಿಯಬಹುದಲ್ಲ ಎಂಬುದು ಅವನ ಖುಷಿ.

ಯಾರನ್ನೂ ನೋಯಿಸದೆ. ಆ ಮಾತು ನೆನಪಾಗಿ ಅವನಿಗೆ ಬಾಯಿ ಕಹಿಯಾಯಿತು.

ಹೋದ ಡಿಸೆಂಬರಿನಲ್ಲಿ ಇದೇ ಜಾಗದಲ್ಲಿ ನಿಂತು, ಸೂರ್ಯನ ವರ್ಷಪೂರ್ತಿಯ ದಾರಿ ತೋರಿಸುವ ಆ್ಯಪನ್ನು ತೆಂಕು ದಿಕ್ಕಿಗೆ ಹಿಡಿದಿದ್ದ. ಫೋನಿನಲ್ಲಿ ಸೂರ್ಯನ ಗೆರೆಗಳೆಲ್ಲ ಹೊನ್ನೆಯ ತಲೆಯ ಹಿಂದೆ ಹೋಗಿ ಅಡಗಿದ್ದವು.

"ಎಷ್ಟ್ ಬತ್ತ್?" ಎಂದು ಮಾವ ಕೇಳಿದ್ದರು.

"ತಿಂಗ್ಳಿಗೆ ಇನ್ನೂರ ಹತ್ತ್ ಯೂನಿಟ್."

"ರವಿರಾಜ ಮುನ್ನೂರರ ಮೇಲೆ ಅಂದಿದ್ದ."

"ಈ ಹೊನ್ನಿ ಮರ ಇತ್ತಲೆ ಮಾವ. ಚಳಿಗಾಲದಗೆ ಸೂರ್ಯ ತೆಂಕ್ ಬದಿಗೆ ಜಾರತ್ತ್. ಬಿಸ್ಲ್ ಚಂದ ಇಪ್ಪು ತಿಂಗ್ಳಲ್ಲೇ ನೆರಳ್ ಬೀಳುದ್. ಮಳಿಗಾಲದಗೆ ಹ್ಯಾಂಗೂ ಬಿಸ್ಲಿಲ್ಲೆ."

"ಮರ ಇಲ್ದಿರೆ?"

"ಇಲ್ದಿರೆ ಮುನ್ನೂರ ನಲ್ವತ್ತ್ ಬಕ್ಕ್."

"ಹಾಂಗೇ ಬರ್ದ್ ಕೊಡ್."

ಬರೆದುಕೊಡುವುದು ಅಂಗಡಿಯ ಪದ್ಧತಿಯೇ ಆಗಿತ್ತು. ವರದಿಯಲ್ಲಿ ಎರಡು ಕಾಲಂ. ಮೊದಲನೆಯದು 'ಈಗ ಇರುವಂತೆ', ಎರಡನೆಯದು 'ನೆರಳು ಇಲ್ಲದಿದ್ದರೆ'. ಎರಡನೆಯ ಅಂಕಿ ಕಂಡರೆ ಗಿರಾಕಿಯ ಮುಖ ಅರಳುತ್ತದೆ ಎಂದು ರವಿರಾಜನೇ ಅದನ್ನು ಸೇರಿಸಿದ್ದ. ಹೃಷಿಕೇಶ ಅಂದು ಎಲ್ಲ ಚೊಕ್ಕವಾಗಿರಲಿ ಎಂದು ಫೋಟೋದಲ್ಲಿ ಮರದ ಸುತ್ತ ಕೆಂಪು ಗೆರೆ ಎಳೆದು, ಎರಡನೆಯ ಕಾಲಮಿನ ತಲೆಬರಹವನ್ನು ತಾನೇ ತಿದ್ದಿ 'ಮರ ಇಲ್ಲದಿದ್ದರೆ' ಎಂದು ಬರೆದುಕೊಟ್ಟಿದ್ದ.

ಅಂದೇ ಮಾವ ಕಾಂಪೌಂಡಿನ ಹತ್ತಿರ ಹೋಗಿ ಕರೆದಿದ್ದರು.

"ಹ್ವಾಯ್ ದೇವಪ್ಪ, ಇತ್ಲಾಗ್ ಬಾ ಕಾಂಬ."

ದೇವಪ್ಪ ಹಂಗಾರಕಟ್ಟೆಯಲ್ಲಿ ಒಂದು ಕಾಲಕ್ಕೆ ದೊಡ್ಡ ದೊಡ್ಡ ದೋಣಿಗಳನ್ನು ಕಟ್ಟಿದವನು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಈಗ ಹತ್ತಿರದ್ದೂ ಮಂಜು ಮಂಜು. ಕೈಯಿಂದ ಗೋಡೆ ತಡಕುತ್ತ ಬಂದು ನಿಂತು, ಮರ ಕಡಿಸಬೇಕೆಂಬ ಮಾವನ ಮಾತನ್ನೆಲ್ಲ ಕೇಳಿಸಿಕೊಂಡ.

"ರಾಯ್ರೆ, ನೀವ್ ಹೇಳಿರೆ ನನ್ನ ತೆಂಗಿನ್ ಮರ ಬೇಕಾರೂ ಕಡ್ಸ್ತೆ," ಎಂದ. "ಇದ್ ನನ್ ಮರ ಅಲ್ಲ. ಹಾಯ್ಗುಳಿದ್ದ್. ನಾನ್ ಕಸ ಗುಡ್ಸುವನ್ ಅಷ್ಟೆ."

ಮರದ ಬುಡದಲ್ಲಿ ಹಾಯ್ಗುಳಿ ದೈವದ ಕಲ್ಲು ಇತ್ತು, ಮೊಣಕಾಲಷ್ಟು ಎತ್ತರ, ಕುಂಕುಮ ಹಚ್ಚಿದ್ದು.

"ಕರೆಂಟಿಗೆ ತೊಂದ್ರೆ ಆತ್ತ್ ಮಾರಾಯ."

"ನಮ್ಮಜ್ಜಿ ಇದ್ರ ಕಾಯಿ ಎಣ್ಣಿಯಗೇ ದೀಪ ಹಚ್ಚುತ್ತಿದ್ಲ್. ದೋಣಿಗೆ ಬಳಿಯೂಕೂ ಅದೇ ಎಣ್ಣಿ. ನಿಮ್ಗ್ ಅಷ್ಟ್ ಕಷ್ಟ ಆರೆ ಎರಡ್ ಗೋಣಿ ಕಾಯಿ ಕೊಡ್ತೆ, ತಕಣಿ." ದೇವಪ್ಪ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಿದ್ದ. ಮಾವನೂ ನಕ್ಕಿದ್ದರು. ಮಾತು ಅಲ್ಲಿಗೇ ಮುಗಿದಿತ್ತು. ಮುಗಿಯಿತೆಂದೇ ಹೃಷಿಕೇಶ ತಿಳಿದಿದ್ದ.

ಅಕ್ಟೋಬರಿನಲ್ಲಿ ಮಾವನ ಫೋನು ಬಂತು. ನೆರಳು ಹೋಗಿದೆ, ಬಂದು ಪ್ಯಾನೆಲ್ ಕೂರಿಸಿ ಎಂದರು. ಹೇಗೆ ಹೋಯಿತು ಎಂದು ಅವನು ಕೇಳಲಿಲ್ಲ.

ಈಗ ಕೆಲಸದವರಿಬ್ಬರು ಸ್ಟ್ಯಾಂಡಿನ ಕಾಲುಗಳಿಗೆ ಕಾಂಕ್ರೀಟು ಹಾಕುತ್ತಿದ್ದರು. ತೆಂಕು ಸಾಲಿನ ಬೋಲ್ಟು ನೋಡಲು ಹೃಷಿಕೇಶ ಮಂಡಿಯೂರಿ ಕೆಳಗೆ ಬಗ್ಗಿದ. ಹೊನ್ನೆಯ ಕಾಂಡ ಕಾಂಪೌಂಡಿಗೆ ಒರಗಿಕೊಂಡಂತೆ ಬೆಳೆದಿತ್ತು. ದೇವಪ್ಪನ ಕಡೆಯಿಂದ ಅದರ ಈ ಮೈ ಕಾಣುವಂತಿರಲಿಲ್ಲ. ಮೇಲಿಂದ ಕಂಡಿತು. ಗೋಡೆಯ ತಲೆಗಿಂತ ಒಂದು ಮೊಳ ಎತ್ತರದಲ್ಲಿ ಸಾಲಾಗಿ ಐದು ಗುಂಡನೆಯ ಕಲೆ.

ನೀರು ಕುಡಿಯುವ ನೆಪದಲ್ಲಿ ಕೆಳಗಿಳಿದು ಮಾವನ ಹಿತ್ತಿಲಿಗೆ, ಕಾಂಪೌಂಡಿನ ಹತ್ತಿರ ಹೋದ. ಬಟ್ಟೆ ಒಗೆಯುವ ಕಲ್ಲು ಹತ್ತಿದರೆ ಕೈ ಮರಕ್ಕೆ ಸರಿಯಾಗಿ ಎಟಕುತ್ತಿತ್ತು. ಐದೂ ಡ್ರಿಲ್ಲಿನಿಂದ ಕೊರೆದ ತೂತುಗಳು. ಮೂರಕ್ಕೆ ಸಿಮೆಂಟು ಮೆತ್ತಿತ್ತು, ಎರಡರದ್ದು ಉದುರಿತ್ತು. ತೂತಿನಿಂದ ಹಸಿರುಹಳದಿ ಅಂಟು ಸುರಿದು ತೊಗಟೆಯ ಮೇಲೆ ಹೆಪ್ಪುಗಟ್ಟಿ, ಅದರಲ್ಲಿ ಇರುವೆಗಳು ಸಿಕ್ಕಿ ಸತ್ತಿದ್ದವು. ಬೆರಳು ಹಾಕಿ ಮೂಸಿದ. ಇಂಗು. ಇಂಗಿನ ಕೆಳಗೆ ಮೂಗು ಸುಡುವ ಇನ್ನೊಂದು ವಾಸನೆ, ಅಂಗಳದ ಹುಲ್ಲು ಸಾಯಿಸಲು ಸಿಂಪಡಿಸುವ ಔಷಧಿಯದು.

ಮರಕ್ಕೆ ಇಂಗು ತುಂಬಿದರೆ ಸದ್ದಿಲ್ಲದೆ ಸಾಯುತ್ತದೆ ಎಂದು ಹಳಬರು ಹೇಳುವುದನ್ನು ಅವನು ಚಿಕ್ಕಂದಿನಲ್ಲಿ ಕೇಳಿದ್ದ. ಇಂಗಿನ ಮೇಲೆ ಪೂರ್ತಿ ನಂಬಿಕೆ ಸಾಲದೆ ಮಾವ ಔಷಧಿಯನ್ನೂ ಸೇರಿಸಿದ್ದರು. ಅವರು ಯಾವುದನ್ನೂ ಅರ್ಧಕ್ಕೆ ಬಿಟ್ಟವರಲ್ಲ.

ಕೈಯನ್ನು ಪ್ಯಾಂಟಿಗೆ ಒರೆಸಿದ. ಸೋಪು ಹಾಕಿ ಮೂರು ಸಲ ತೊಳೆದ. ವಾಸನೆ ಹೋಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಪದ್ಮಾಕ್ಷಿ ಅತ್ತೆ ಅನ್ನದ ಮೇಲೆ ಬಿಸಿ ಸಾರು ಹೊಯ್ದರು. ಹಬೆ ಮುಖಕ್ಕೆ ಬಡಿಯಿತು, ಇಂಗಿನ ಹಬೆ. ತುತ್ತು ಬಾಯಿಯವರೆಗೆ ಹೋಗಿ ಮರಳಿ ಎಲೆಗೆ ಇಳಿಯಿತು.

"ಎಂತ, ಸೇರುದಿಲ್ಯಾ?" ಎಂದರು ಅತ್ತೆ. "ನಾಳಿಗ್ ಬಪ್ಪತಿಗೆ ಪೇಟಿಯಿಂದ ಒಂದ್ ಡಬ್ಬಿ ಇಂಗ್ ತಕಂಡ್ ಬಾ ಮಾಣಿ. ಈ ಮನ್ಯಗೆ ಇಂಗ್ ನಿಲ್ಲುದೇ ಇಲ್ಲೆ. ಮಳಿಗಾಲದಗೆ ಮೂರ್ ಡಬ್ಬಿ ಖಾಲಿ. ನಿನ್ ಮಾವನ್ನ ಕೇಂಡ್ರೆ ಹಲ್ಲ್ ನೋವಿಗೆ ಅಂಬ್ರ್."

"ಹಲ್ಲಿಗೇ," ಎಂದರು ಮಾವ, ತಲೆ ಎತ್ತದೆ.

ಹೃಷಿಕೇಶ ಎಲೆಯನ್ನೇ ನೋಡುತ್ತ ಕೇಳಿದ: "ಈಗ ನೋವ್ ಹ್ಯಾಂಗಿತ್ತ್ ಮಾವ?"

ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು. ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆ ನೋಟದಲ್ಲಿ ಹೆದರಿಕೆ ಇದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇರಲಿಲ್ಲ.

"ಬೇರ್ ಸಮೇತ ಹೋಯ್ತ್," ಎಂದು ಮಜ್ಜಿಗೆ ಹಾಕಿಸಿಕೊಂಡರು.

ಊಟವಾದ ಮೇಲೆ ಮಾವ ಸಹಿ ಮಾಡಲು ಕಾಗದಗಳ ಫೈಲು ತಂದರು. ಎಲ್ಲ ಒಪ್ಪವಾಗಿ ಪಂಚ್ ಮಾಡಿ ಕಟ್ಟಿಟ್ಟದ್ದು. ಎಲ್ಲಕ್ಕಿಂತ ಮೇಲೆ ಹೋದ ವರ್ಷ ಅವನೇ ಬರೆದ ವರದಿ. 'ಮರ ಇಲ್ಲದಿದ್ದರೆ' ಎಂಬುದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ತಾರೀಖು, ಜೂನ್ ತಿಂಗಳದ್ದು, ಇಂಗಿನ ಡಬ್ಬಿಗಳು ಖಾಲಿಯಾಗತೊಡಗಿದ ಮಳೆಗಾಲದ್ದು.

ಅವನು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಬಂದಾಗ ಕಾಂಪೌಂಡಿನ ಆಚೆಯಿಂದ ಬೇಬಿ ಕರೆದಳು. ದೇವಪ್ಪನ ಹೆಂಡತಿ. ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವವಳು. ಬಾಯಿ ಜೋರಿನ ಹೆಂಗಸು ಎಂದು ಅವನಿಗೆ ನೆನಪು. ಇಂದು ದನಿ ಮೆಲ್ಲಗಿತ್ತು.

"ಮಾಣಿ, ನೀವ್ ಕಲ್ತವ್ರ್. ಒಂದ್ ಕೇಂತೆ. ಮೀನ್ ತೊಳ್ದ ನೀರಿಗೆ ಮರ ಸಾಯತ್ತಾ?"

"ಎಂತಕ್ಕೆ?"

"ನಾನ್ ದಿನಾ ಆ ನೀರನ್ನ ಈ ಬುಡಕ್ಕೇ ಚೆಲ್ಲುದ್. ಕಲ್ಲಿಗೆ ತಾಗ್ದ ಹಾಂಗೆ ದೂರದಗೇ ಚೆಲ್ಲುದ್ ಮತ್ತೆ. ನಮ್ಮತ್ತಿಯೂ ಹಾಂಗೇ ಮಾಡ್ತಿದ್ರ್. ತೆಂಗಿಗೆ ಒಳ್ಳೆದ್, ಹೊನ್ನಿಗೆ ಎಂತ ಆತ್ತ್ ಅಂದ್ಹೇಳಿ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಕೈ ಒದ್ದೆಯಿರಲಿಲ್ಲ. "ಮರ ಹಳ್ದಿ ಆಪುಕೆ ಶುರು ಆದಾಗ ರಾಯ್ರ್ ಹತ್ರ ಕೇಂಡ್ವ್. ಪಂಚಾಂಗ ತೆಗ್ದ್ ಕಂಡ್ರ್. ಮೀನ್ ನೀರ್ ಹಾಯ್ಗುಳಿಗೆ ಆಯ್ಲಿಲ್ಲೆ, ಮೈಲ್ಗಿ ಆಯ್ತ್ ಅಂದ್ರ್. ನಾನ್ ಮಾಡಿದ್ ತಪ್ಪಿಗೆ ಮರ ಹೋಯ್ತಾ ಅಂದ್ಹೇಳಿ…"

"ಅದ್ಕೆ?"

"ಹರಕಿ ಹೇಳ್ಕಂಡೆ. ಇನ್ ಜೀವ ಇಪ್ಪಲ್ಲಿವರಿಗ್ ಬಾಯಿಗೆ ಮೀನ್ ಮುಟ್ಸುದಿಲ್ಲೆ ಅಂದ್ಹೇಳಿ. ಮುಡ್ಪೂ ಕಟ್ಟಿಟ್ಟಿದೆ."

ಜಗಲಿಯಲ್ಲಿ ಕೂತಿದ್ದ ದೇವಪ್ಪ ಅಲ್ಲಿಂದಲೇ ಕೂಗಿದ: "ಮೀನ್ ಮಾರುವವ್ಳೇ ಮೀನ್ ತಿಂತಿಲ್ಲೆ ಅಂದ್ರೆ ಗಿರಾಕಿ ಎಂತ ಅಂದ್ಕಂತ್ರ್ ಹೇಳಿ ಮಾಣಿ. ಮೀನ್ ಕೊಳ್ತ್ ಹೋಯ್ತ್ ಅಂದ್ಕಂತ್ರ್."

ಅವನೊಬ್ಬನೇ ನಕ್ಕ. ಬೇಬಿ ನಗಲಿಲ್ಲ. ಅವಳು ಹೃಷಿಕೇಶನ ಬಾಯನ್ನೇ ನೋಡುತ್ತಿದ್ದಳು. ಹುಟ್ಟಿದಾರಭ್ಯ ಮೀನಿನ ಜೊತೆ ಬದುಕಿದ ಹೆಂಗಸು, ಗಂಜಿಗೂ ಒಂದು ತುಂಡು ಒಣಮೀನು ಸುಟ್ಟುಕೊಳ್ಳುವವಳು. ಅವಳಿಗೆ ಬೇಕಿದ್ದದ್ದು ಒಂದೇ ಮಾತು. ಸಾಯುವುದಿಲ್ಲ. ಮೀನಿನ ನೀರಿಗೆ ಮರ ಸಾಯುವುದಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು, ಉಳಿದದ್ದನ್ನು ಹೇಳುವ ಅಗತ್ಯವೂ ಇರಲಿಲ್ಲ.

ಬೆನ್ನ ಹಿಂದೆ ಮಾವ ಬಂದು ನಿಂತದ್ದು ತಿಳಿಯಿತು. ಹೆಗಲ ಮೇಲಿನ ಬೈರಾಸಿನಿಂದ ಕೈ ಒರೆಸಿಕೊಳ್ಳುವ ಸದ್ದು.

"ಗೊತ್ತಿಲ್ಲೆ," ಎಂದ ಹೃಷಿಕೇಶ.

"ಅವ್ನಿಗೆ ಎಂತ ಗೊತ್ತ್ ಬೇಬಿ? ಅವ್ನ್ ಬಿಸ್ಲ್ ಕಾಂಬ ಮಾಣಿ," ಎಂದರು ಮಾವ, ಮೃದುವಾಗಿ. "ಒಣಗಿದ ಮರ ನಿಮ್ಮ ಮಾಡಿನ ಮೇಲೆ ಬಿದ್ರೆ ಕಷ್ಟ. ಹಾಯ್ಗುಳಿ ಹತ್ರ ನಾನೇ ಕ್ಷಮೆ ಕೇಂಡ್ಕಂತೆ. ಕಡಿಯೂಕೆ ಜನ ನಾನೇ ಕಳ್ಸ್ತೆ."

"ನಿಮ್ ಉಪಕಾರ ರಾಯ್ರೆ," ಎಂದಳು ಬೇಬಿ, ಎರಡೂ ಕೈ ಜೋಡಿಸಿ.

ಎರಡು ದಿನ ಬಿಟ್ಟು ಮರ ಕಡಿಯುವವರು ಬಂದರು. ಮಾವ ಕಾಂಪೌಂಡಿನ ಹತ್ತಿರ ನಿಂತು, ಎಲ್ಲಿಂದ ಎಲ್ಲಿಯವರೆಗೆ ತುಂಡು ಮಾಡಬೇಕೆಂದು ಬೆರಳು ತೋರಿಸಿ ಹೇಳಿದರು. ತೂತುಗಳಿದ್ದ ತುಂಡು ಎಲ್ಲಕ್ಕಿಂತ ಮೊದಲು ಟೆಂಪೋ ಹತ್ತಿತು. ಹೃಷಿಕೇಶ ಟೆರೇಸಿನಲ್ಲಿ ವಯರು ಜೋಡಿಸುತ್ತ ಅದನ್ನು ಕಂಡ. ದೇವಪ್ಪ ಬಂದು ಉಳಿದ ಬೊಡ್ಡೆಯ ಮೇಲೆ ಅಂಗೈ ಇಟ್ಟು ಕೂತ. ದೋಣಿಗೆ ಮರ ಆರಿಸುವಾಗ ಹೀಗೆಯೇ ಕೈಯಿಟ್ಟು ನೋಡುತ್ತಿದ್ದನೋ ಏನೋ. ಯಾರಿಗೆಂದಿಲ್ಲದೆ, "ಒಳ್ಗೆ ಗಟ್ಟಿ ಇತ್ತಲೆ," ಎಂದ.

ಅಂಗಡಿಯಲ್ಲಿ ರವಿರಾಜ ನಕ್ಷೆಯ ಎದುರು ನಿಂತು ಮಾವನ ಮನೆಗೆ ತಾನೇ ಬಣ್ಣ ಬದಲಿಸಿದ. ಕಂದಿನ ಮೇಲೆ ಹಳದಿ ಹಚ್ಚಿದ್ದರಿಂದ ಅದು ಕೀವಿನ ಬಣ್ಣಕ್ಕೆ ಬಂತು.

"ಆ ಎರಡ್ನೇ ಕಾಲಂ ತೆಗ್ದ್ ಬಿಡುವ," ಎಂದ ಹೃಷಿಕೇಶ.

"ಎಂತಕ್ಕೆ ಮಾರಾಯ? ಜನ ಅದನ್ನೇ ಕಾಂಬುದ್. ನಾವೆಂತ 'ಮರ ಕಡೀನಿ' ಅಂದ್ ಬರೀತಾ? 'ಇಲ್ದಿರೆ' ಅಂತ ಬರೀತ್, ಅಷ್ಟೆ." ರವಿರಾಜ ಬ್ರಷ್ಷನ್ನು ಗ್ಲಾಸಿನ ನೀರಿಗೆ ಅದ್ದಿದ. "ನಿನ್ ಮಾವನ ಮನಿ ಫೋಟೋ ಹ್ಯಾಂಡ್‌ಬಿಲ್ಲಿಗೆ ಹಾಕಿದೆ. ಬ್ರಹ್ಮಾವರದಿಂದ ಒಬ್ರ್ ಈಗ್ಲೇ ಫೋನ್ ಮಾಡಿದ್ರ್. ಅವ್ರ ಮನಿ ಬದಿಗೆ ಹಲ್ಸಿನ್ ಮರ ಇತ್ತಂಬ್ರ್."

ಆ ಬ್ರಹ್ಮಾವರದ ವರದಿಯಲ್ಲಿ ಹೃಷಿಕೇಶ ಎರಡನೆಯ ಕಾಲಂ ಖಾಲಿ ಬಿಟ್ಟ. ಮರುದಿನ ನೋಡಿದರೆ ರವಿರಾಜನ ಅಕ್ಷರದಲ್ಲಿ ಅಂಕಿ ತುಂಬಿತ್ತು. ಅವನು ಏನೂ ಅನ್ನಲಿಲ್ಲ. ಏನೂ ಅನ್ನದಿರುವುದು ತನ್ನ ಸ್ವಭಾವ ಎಂದು ಇಷ್ಟು ವರ್ಷ ಅಂದುಕೊಂಡಿದ್ದ, ಅದರ ಬಗ್ಗೆ ಒಳಗೊಳಗೇ ಸಣ್ಣ ಹೆಮ್ಮೆಯೂ ಇತ್ತು. ಈಗ ಆ ಮೌನವನ್ನು ಮುಟ್ಟಿ ನೋಡಿದರೆ ಅದು ಆ ತೂತಿನ ಅಂಟಿನ ಹಾಗೆ ಬೆರಳಿಗೆ ಹತ್ತುತ್ತಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ, ಪ್ಯಾನೆಲ್ ಮೇಲೆ ಕೂತ ಉಪ್ಪಿನ ಧೂಳು ತೊಳೆಸಬೇಕೆಂಬ ನೆಪ ಮಾಡಿಕೊಂಡು ಹೊರಟ. ನಿಜಕ್ಕೂ ಹೊರಟದ್ದು ಬೇಬಿಯ ಮನೆಗೆ. ಬೈಕಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ. ತೂತು, ಇಂಗು, ಔಷಧಿ, ಕಾಗದ. ನಾಲ್ಕೇ ಸಂಗತಿ.

ಒಳಗೆ ಬಂಗುಡೆ ಹುರಿಯುವ ವಾಸನೆ. ಬೇಬಿ ಗಂಡನ ಬಟ್ಟಲಿಗೆ ಎರಡು ಮೀನು ಹಾಕಿ, ತಾನು ಗಂಜಿಗೆ ಮಿಡಿ ಉಪ್ಪಿನಕಾಯಿ ಹಾಕಿಕೊಂಡು ಬಾಗಿಲ ಹತ್ತಿರ ಮುಖ ತಿರುಗಿಸಿ ಕೂತಿದ್ದಳು. ಬಹಳ ಇಳಿದಿದ್ದಳು. ಅವನನ್ನು ಕಂಡು ಎದ್ದಳು.

"ಬನಿ ಮಾಣಿ, ಕೂಕಣಿ."

"ಇನ್ನೂ ತಿಂತಿಲ್ಯಾ?" ಎಂದ.

"ಹರಕಿ ಅಲ್ದಾ." ಅವಳು ಒಲೆಯ ಕಡೆ ನೋಡಿದಳು. "ಅಭ್ಯಾಸ ಆಯ್ತ್ ಈಗ. ವಾಸ್ನಿ ಬಂದ್ರೆ ಒಂದ್ ಸರ್ತಿ ಬಾಯಗೆ ನೀರ್ ಬತ್ತ್. ಕೂಡ್ಲೇ ಹೆದ್ರಿಕಿ ಆತ್ತ್. ರಾತ್ರಿ ಕನ್ಸಲ್ಲಿ ತಿಂದ್ ಬೆಳಿಗ್ಗೆ ಎದ್ದ್ ಕಲ್ಲಿಗೆ ತಪ್ಪ್ ಕಾಣ್ಕಿ ಹಾಕ್ತೆ."

ಹಿತ್ತಿಲ ಬಾಗಿಲಿನಿಂದ ಆ ಕಲ್ಲು ಕಾಣುತ್ತಿತ್ತು. ಮೇಲೆ ನೆರಳಿಲ್ಲ. ಬೆಳಗಿನ ಬಿಸಿಲಿಗೇ ಕುಂಕುಮ ಒಣಗಿ ಚಕ್ಕೆ ಏಳುತ್ತಿತ್ತು. ಕೆಲಸದವರು ಬಿಟ್ಟುಹೋಗಿದ್ದ ಪ್ಯಾನೆಲಿನ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ, ನಾಲ್ಕು ಕೋಲು ನೆಟ್ಟು, ಕಲ್ಲಿನ ಮೇಲೆ ಚಪ್ಪರದಂತೆ ಕಟ್ಟಿದ್ದಳು. ರಟ್ಟಿನ ಮೇಲೆ ಅಚ್ಚಾಗಿದ್ದ ನಗುವ ಸೂರ್ಯನ ಚಿತ್ರ ತಲೆಕೆಳಗಾಗಿತ್ತು.

"ಬೇಬಿಯಕ್ಕ," ಎಂದು ಶುರುಮಾಡಿದ.

ಅವಳು ಆಗಲೇ ಕೊಡ ಎತ್ತಿಕೊಂಡಿದ್ದಳು. "ಒಂದ್ ಗಳ್ಗಿ ನಿಲ್ಲಿ. ಕುಡುಕೆ ನೀರ್ ತಪ್ಪೆ. ನಮ್ ಬಾವಿ ನೀರ್ ಉಪ್ಪಾಯ್ತ್, ಇನ್ ಮಳಿ ಬಪ್ಪಲ್ಲಿವರಿಗೆ ರಾಯ್ರ ಬಾವಿಯೇ ಗತಿ. ಪಾಪ, ಒಳ್ಳೆವ್ರ್. ಒಂದ್ ದಿನ್ವೂ ಇಲ್ಲೆ ಅಂದವ್ರಲ್ಲ."

ಕಾಂಪೌಂಡಿನ ಸಣ್ಣ ಗೇಟು ದಾಟಿ ಹೋದಳು. ಮಾವ ಬಾವಿಕಟ್ಟೆಯ ಹತ್ತಿರ ತುಳಸಿಗೆ ನೀರು ಹಾಕುತ್ತಿದ್ದರು. ಅವಳನ್ನು ಕಂಡು ತಾವೇ ಪಂಪಿನ ಸ್ವಿಚ್ಚು ಒತ್ತಿದರು. ಸೋಲಾರ್ ಬಂದ ಮೇಲೆ ಪಂಪು ಹಗಲೆಲ್ಲ ಪುಕ್ಕಟೆ ನಡೆಯುತ್ತದೆ ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ನೀರು ಕೊಡಕ್ಕೆ ಬಿತ್ತು. ಗೋಡೆಯ ಮೇಲಿಂದ ಹೃಷಿಕೇಶನನ್ನು ಕಂಡು ಮಾವ ಕೈ ಎತ್ತಿದರು. ಅವನ ಕೈಯೂ ತಾನಾಗಿಯೇ ಎದ್ದಿತು.

ಹೇಳಿದರೆ ನಾಳೆಯಿಂದ ಇವಳು ಆ ಬಾವಿಗೆ ಹೋಗುವವಳಲ್ಲ, ಕುಡಿಯುವ ನೀರಿಗೆ ಏನು ಮಾಡುತ್ತಾಳೆ ಎಂದು ಯೋಚಿಸಿದ. ಕಾರಣ ಸರಿಯಾಗಿಯೇ ಇತ್ತು. ಅಷ್ಟು ಸರಿಯಾದ ಕಾರಣ ಅಷ್ಟು ಬೇಗ ಕೈಗೆ ಸಿಕ್ಕಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಬೇಬಿ ತಿರುಗಿ ಬಂದು ಲೋಟಕ್ಕೆ ನೀರು ಬಗ್ಗಿಸಿ, ಬೆಲ್ಲದ ಚೂರಿನೊಂದಿಗೆ ಅವನ ಮುಂದಿಟ್ಟಳು.

"ಎಂತದೋ ಹೇಳುಕ್ ಹೊರ್ಟಿದ್ರಿ."

ಅವನು ಲೋಟ ಎತ್ತಿ ಪೂರ್ತಿ ಕುಡಿದ. ನೀರು ಸಿಹಿಯಾಗಿತ್ತು. ಕೊನೆಯ ಗುಟುಕಿನಲ್ಲಿ ಇಂಗಿನ ವಾಸನೆ ಬಂದಂತಾಯಿತು. ನೀರಿನಲ್ಲಿ ಅದು ಇದ್ದಿರಲಾರದು.

"ಎಂತ ಇಲ್ಲೆ," ಎಂದ. "ಬಿಸ್ಲ್ ಜಾಸ್ತಿ ಆಯ್ತ್ ಈ ವರ್ಷ, ಅಂದೆ."

"ಹೌದ್ ಮಾಣಿ. ನೆರಳೇ ಇಲ್ಲೆ," ಎಂದು ಅವಳು ಗಂಜಿಯ ಬಟ್ಟಲ ಮುಂದೆ ಮತ್ತೆ ಕೂತಳು, ಮುಖ ಬಾಗಿಲ ಕಡೆಗೆ.

ಮರವನ್ನು ಕೊಂದದ್ದು ಮೀನಿನ ನೀರಲ್ಲ, ನನ್ನ ಮಾವ, ಮತ್ತು ಆ ಮರ ಇಲ್ಲದಿದ್ದರೆ ಎಷ್ಟು ಸಿಗುತ್ತದೆಂದು ಅವರಿಗೆ ಬರೆದುಕೊಟ್ಟವನು ನಾನು ಎಂದು ಹೃಷಿಕೇಶ ಅಂದು ಬೇಬಿಗೆ ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.